ಎಣ್ಣೆ, ಬೇಳೆ, ತಗಡು: ಆಮದು ಸುಂಕ ಏರಿದರೆ ಯಾರ ಜೇಬು ಖಾಲಿ, ಯಾರ ಕೆಲಸ ಗಟ್ಟಿ?

ಡೊಂಬಿವಲಿ ಇಡ್ಲಿ
2025 ಅಕ್ಟೋಬರ್ 6, ರಾತ್ರಿ 11.40

ಶಟರ್ ಎಳೆದು ಗಲ್ಲೆಯ ಎದುರು ಕೂತು ಬರೀತಾ ಇದ್ದೇನೆ, ತಪ್ಪಿದ್ದರೆ ತಿದ್ದಿ ಮಾರಾಯ್ರೆ. ದೀಪಾವಳಿಗೆ ಇನ್ನು ಎರಡು ವಾರ ಉಂಟು. ಚಕ್ಕುಲಿ, ಶೇವ್, ಶಂಕರಪೋಳಿಗೆ ಆರ್ಡರ್ ಬರ್ತಾ ಉಂಟು. ಎಣ್ಣೆ ಟಿನ್ನಿನ ರೇಟ್ ಕೇಳಿದರೆ ಮಾತ್ರ ಆರ್ಡರೇ ಬೇಡ ಅನ್ನಿಸ್ತದೆ.

ಹೋದ ವರ್ಷ ಸೆಪ್ಟೆಂಬರಿನಲ್ಲಿ, ಗಣಪತಿ ಕೂತಿದ್ದಾಗಲೇ, ಎಣ್ಣೆಗೆ ಆಮದು ಸುಂಕ ಏರಿಸಿದರು. ಮರುದಿನ ಬೆಳಿಗ್ಗೆ ನಮ್ಮ ಎಣ್ಣೆಯವ ಫೋನ್ ಮಾಡಿ "ಅಣ್ಣಾ, ನವಾ ಭಾವ್" ಅಂದ. ಅವನ ಗೋಡೌನಿನಲ್ಲಿ ಇದ್ದದ್ದು ಹಳೇ ಮಾಲು, ಹಳೇ ಸುಂಕದ್ದು. ಈ ವರ್ಷ ಮೇ ಕೊನೆಗೆ ಸುಂಕ ಇಳಿಸಿದರು ಅಂತ ಪೇಪರಿನಲ್ಲಿ ಬಂತು. ಕೇಳಿದರೆ "ಹಳೇ ಸ್ಟಾಕ್ ಮುಗೀಲಿ ಅಣ್ಣಾ". ಏರುವಾಗ ಲಿಫ್ಟು, ಇಳಿಯುವಾಗ ಮೆಟ್ಟಿಲು.

ಇಡ್ಲಿ ವಡೆಗೆ ಐದು ರೂಪಾಯಿ ಜಾಸ್ತಿ ಮಾಡಿದರೆ ಲೋಕಲ್ ಹಿಡಿಯುವ ಗಿರಾಕಿ ಎದುರಿನ ವಡಾಪಾವ್ ಗಾಡಿಗೆ ಹೋಗ್ತಾನೆ. ಹಾಗಾಗಿ ನಾನು ರೇಟ್ ಏರಿಸಲಿಲ್ಲ. ಊರಿಗೆ ಹೋದ ಒಬ್ಬ ಹುಡುಗನ ಜಾಗಕ್ಕೆ ಬೇರೆಯವನನ್ನು ತಗೊಳ್ಳಲಿಲ್ಲ, ಅಷ್ಟೇ. ಟೇಬಲ್ ಈಗ ನಾನೇ ಒರೆಸ್ತೇನೆ.

ನನ್ನ ವಾದ ಸೀದಾ. ನಮ್ಮ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರ್ತದೆ. ಬೇಳೆಯೂ ಸಾಕಷ್ಟು ಬರ್ತದೆ. ಹೊಟ್ಟೆಗೆ ತಿನ್ನುವ ಮಾಲಿಗೆ ಸುಂಕ ಯಾಕೆ? ಸೊನ್ನೆ ಮಾಡಿ ಬಿಡಲಿ. ಇದಕ್ಕೆ ಅಡ್ಡ ನಿಲ್ಲುವವರು ಯಾರು?

ನ್ಹಾವಾ ಶೇವಾ ಹಳಬ
ಅಕ್ಟೋಬರ್ 7, ಬೆಳಿಗ್ಗೆ 6.15

ಇಡ್ಲಿಯವರೆ, ಮೊದಲು ಲೆಕ್ಕ ತಿಳಿದುಕೊಳ್ಳಿ, ಬೈಗುಳ ಆಮೇಲೆ. ಆಮದು ಮಾಲನ್ನು ಕಸ್ಟಮ್ಸಿನಿಂದ ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ಕೂದಲು ನರೆಸಿಕೊಂಡವನು ನಾನು. ಮೊದಲು ಬ್ಯಾಲಾರ್ಡ್ ಎಸ್ಟೇಟ್, ಆಮೇಲೆ ನ್ಹಾವಾ ಶೇವಾ ಬಂದರು.

2024ರ ಸೆಪ್ಟೆಂಬರ್ 14ಕ್ಕೆ ಮುಂಚೆ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗೆ ಮೂಲ ಸುಂಕ ಸೊನ್ನೆಯೇ ಇತ್ತು. ಕೃಷಿ ಸೆಸ್ 5, ಅದರ ಮೇಲೆ ಹತ್ತನೇ ಒಂದು ಪಾಲು ಸಮಾಜ ಕಲ್ಯಾಣದ ಸರ್‌ಚಾರ್ಜ್, ಒಟ್ಟು ಶೇ. 5.5. ಆ ದಿನ ಮೂಲ ಸುಂಕ 20 ಆಯಿತು. 20 ಮತ್ತು 5 ಸೇರಿ 25, ಅದರ ಮೇಲೆ 2.5, ಒಟ್ಟು 27.5. ಈ ವರ್ಷ ಮೇ ಕೊನೆಗೆ ಮೂಲ ಸುಂಕ 10ಕ್ಕೆ ಇಳಿದು ಒಟ್ಟು 16.5 ಆಗಿದೆ. ಅಂದರೆ ಅರ್ಧ ದಾರಿ ಮಾತ್ರ ಇಳಿದಿದ್ದಾರೆ. ಶುದ್ಧೀಕರಿಸಿದ ಎಣ್ಣೆಯದು 13.75 ಇದ್ದದ್ದು 35.75ಕ್ಕೆ ಹೋಗಿ ಅಲ್ಲೇ ಕೂತಿದೆ. ಐಜಿಎಸ್‌ಟಿ ಈ ಸುಂಕವನ್ನೂ ಸೇರಿಸಿದ ಮೊತ್ತದ ಮೇಲೆ ಬೀಳುತ್ತದೆ, ಅಂದರೆ ತೆರಿಗೆಯ ಮೇಲೂ ತೆರಿಗೆ.

ಹಳೇ ಮಾಲಿಗೆ ಹೊಸ ಭಾವ ಹಾಕಿದ್ದು ನಿಮ್ಮ ಅಂಗಡಿಯವನೊಬ್ಬನೇ ಅಲ್ಲ. ಹಳೇ ಸುಂಕದಲ್ಲಿ ಬಂದ ಸುಮಾರು 30 ಲಕ್ಷ ಟನ್ ಎಣ್ಣೆ ದೇಶದಲ್ಲಿದೆ, ಅದು ಮುಗಿಯುವ ತನಕ ಎಂಆರ್‌ಪಿ ಏರಿಸಬೇಡಿ ಎಂದು ಆಗ ಕೇಂದ್ರ ಸರ್ಕಾರವೇ ಎಣ್ಣೆ ಸಂಘಗಳನ್ನು ಕರೆದು ಹೇಳಿತ್ತು. ನಾಳೆ ಗೋಡೌನ್ ತುಂಬಿಸಲು ಎಷ್ಟು ಬೇಕು ಅನ್ನುವುದರ ಮೇಲೆ ವ್ಯಾಪಾರಿ ಇವತ್ತಿನ ಭಾವ ಕಟ್ಟುತ್ತಾನೆ. ಅದು ಅವನ ಧರ್ಮ, ಹೇಳಿದರೆ ಕೇಳುವುದಿಲ್ಲ.

ಇನ್ನೊಂದು. ಎಲ್ಲವನ್ನೂ ಸುಂಕದ ತಲೆಗೆ ಕಟ್ಟಬೇಡಿ. ಅದೇ ತಿಂಗಳುಗಳಲ್ಲಿ ಮಲೇಷಿಯಾದಲ್ಲೂ ತಾಳೆ ಎಣ್ಣೆ ಏರಿತ್ತು. ಇಂಡೋನೇಷಿಯಾದವರು ಡೀಸೆಲ್ಲಿಗೆ ಬೆರೆಸುವ ತಾಳೆ ಎಣ್ಣೆಯ ಪಾಲನ್ನು ಶೇ. 40ಕ್ಕೆ ಏರಿಸಲು ಹೊರಟಿದ್ದರು. ನಿಮ್ಮ ವಡೆಗೂ ಅವರ ಲಾರಿಗೂ ಒಂದೇ ಎಣ್ಣೆ.

ಆಳಂದ ಆರೆಕರೆ
ಅಕ್ಟೋಬರ್ 7, ಮಧ್ಯಾಹ್ನ 1.30

ಅಡ್ಡ ನಿಲ್ಲಾವ್ರು ಯಾರು ಅಂತ ಕೇಳೀರಲ್ಲ ಅಣ್ಣಾರ, ನಾ ನಿಂತೀನಿ ನೋಡ್ರಿ.

ನಾ ಪುಣೆದಾಗ ಹಿಂಜವಡಿ ಕಡಿ ಸೆಂಟ್ರಿಂಗ್ ಕೆಲಸ ಹಿಡೀತೀನಿ. ನನ್ನ ಗ್ಯಾಂಗಿನಾಗ ಇಪ್ಪತ್ತೆರಡು ಮಂದಿ. ಆಳಂದ, ಅಫಜಲಪುರ, ಜೇವರ್ಗಿ ಕಡಿಯವರೇ ಜಾಸ್ತಿ. ಎಲ್ಲಾರ ಮನಿಗೂ ನಾಕೋ ಐದೋ ಎಕರಿ ತೊಗರಿ ಹೊಲ ಅದ. ಹೊಲ ಇದ್ದವರು ಇಲ್ಲಿ ಬಂದು ಹದಿನಾಲ್ಕನೇ ಮಾಳಿಗಿ ಪರಾಂಚಿ ಮ್ಯಾಲ ಯಾಕ ನಿಂತಾರ ಅಂತ ಯಾರರ ಕೇಳೀರೇನು?

ನೀವು ಸೊನ್ನಿ ಮಾಡ್ರಿ ಅಂತೀರಿ. ತೊಗರಿಗಿ ಈಗ ಸೊನ್ನೀನೇ ಅದ. 2021ರ ಮೇ ತಿಂಗಳಾಗ ಬಾಗಲಾ ತೆರದ್ರು, ಎಷ್ಟರ ತರ್ರಿ ಅಂದ್ರು. 2023ರ ಮಾರ್ಚಿನಾಗ ಇದ್ದ ಶೇ. 10 ಸುಂಕಾನೂ ತೆಗದ್ರು. ಒಂದೊಂದ ವರ್ಷ ಮುಂದೂಡಿಕೋತ ಈಗ 2026ರ ಮಾರ್ಚ್ 31ರ ತನಕ ಮಾಡ್ಯಾರ. ಮೊಜಾಂಬಿಕ್‌ದಿಂದ ವರ್ಷಕ್ಕ 2 ಲಕ್ಷ ಟನ್ ತಗೊಂತೀವಿ ಅಂತ ಕರಾರೇ ಅದ, ಬರ್ಮಾದಿಂದ 1 ಲಕ್ಷ ಟನ್.

2015ರಾಗ ಬ್ಯಾಳಿ ಕಿಲೋಕ್ಕ 200 ಆದಾಗ ಟಿವಿದಾಗ ಎಲ್ಲಾರೂ ಅತ್ತರು. ಆ ರೇಟ ನೋಡಿ ನಾವು ಬದುವಿನ ತನಕ ತೊಗರೀನೇ ಬಿತ್ತಿದಿವಿ. 2016-17ರಾಗ ಬೆಳಿ ಅಂದ್ರ ಬೆಳಿ. ಬೋನಸ್ ಸೇರಿ ಕ್ವಿಂಟಲಿಗೆ 5,050 ಬೆಂಬಲ ಬೆಲಿ, ಬಜಾರದಾಗ ಅಷ್ಟಕ್ಕ ಯಾರೂ ಕೇಳ್ಲಿಲ್ಲ. ಖರೀದಿ ಕೇಂದ್ರದ ಮುಂದ ಟ್ರ್ಯಾಕ್ಟರ್ ಸಾಲಿನಾಗ ಎರಡು ರಾತ್ರಿ ಚೀಲದ ಮ್ಯಾಲ ಮಲಗೀನಿ ನಾನು. ಶೇ. 10 ಸುಂಕ ಹಾಕಿದ್ದು 2017ರ ಮಾರ್ಚ್ ಕೊನೀಗಿ. ಅಷ್ಟರಾಗ ಸಣ್ಣ ರೈತನ ಮಾಲು ಅಡತಿ ಅಂಗಡಿ ಮುಟ್ಟಿ ಎರಡು ತಿಂಗಳಾಗಿತ್ತು.

ಈ ವರ್ಷ ಕೇಳ್ರಿ. ಆಗಸ್ಟ್, ಸೆಪ್ಟೆಂಬರ್ ಮಳಿಗಿ ಹೊಲದಾಗ ನೀರು ನಿಂತು ತೊಗರಿ ಕೊಳೀತು, ಭೀಮಾ ದಂಡಿಗಿ ಅಂತೂ ಕೇಳೂದೇ ಬ್ಯಾಡ. ಮೊದಲ ಹಿಂಗಾದಾಗ ರೇಟರ ಏರ್ತಿತ್ತು. ಹತ್ತು ಚೀಲ ಬರೂದ್ರಾಗ ಆರು ಬಂದ್ರೂ ಆ ಆರಕ್ಕ ಹತ್ತರ ರೊಕ್ಕ ಸಿಗ್ತಿತ್ತು. ಈಗ ಬೆಳಿ ಹೋದ ಕೂಡ್ಲೇ ಹಡಗ ಬರ್ತದ. ಬೆಳೀನೂ ಇಲ್ಲ, ರೇಟೂ ಇಲ್ಲ. ಬೆಂಬಲ ಬೆಲಿ 8,000 ಅಂತ ಕಾಗದದ ಮ್ಯಾಲ ಅದ, ಕಲಬುರಗಿ ಬಜಾರದಾಗ ಅದರ ಕೆಳಗೇ ಓಡ್ಯಾಡ್ಲಿಕ್ಕತ್ತದ.

ನಿಮ್ಮ ಹೋಟೆಲಿನಾಗ ಒಬ್ಬ ಹುಡುಗನ ಕೆಲಸ ಹೋತು ಅಂತ ಬರದೀರಿ. ಖರೇ ಅದ, ಒಪ್ತೀನಿ. ನಮ್ಮ ಊರಾಗ ಹೋಗೂ ಕೆಲಸಕ್ಕ ಹಾಜರಿ ಪುಸ್ತಕ ಇರಂಗಿಲ್ಲ, ಅದಕ್ಕ ಯಾರ ಕಣ್ಣಿಗೂ ಬೀಳಂಗಿಲ್ಲ.

ಡೊಂಬಿವಲಿ ಇಡ್ಲಿ
ಅಕ್ಟೋಬರ್ 7, ಸಂಜೆ 4.05

ಆಳಂದದವರೆ, ಇದನ್ನು ನಾನು ಈ ಕಡೆಯಿಂದ ನೋಡಿರಲಿಲ್ಲ. ನಿಜ ಹೇಳಬೇಕಾದರೆ ನಮ್ಮ ಸಾಂಬಾರಿಗೆ ಬೀಳುವ ಬೇಳೆ ಯಾವ ದೇಶದ್ದು ಅಂತ ನನಗೇ ಗೊತ್ತಿಲ್ಲ. ವಾಶಿಯ ದವಸದ ಸಗಟು ಮಾರುಕಟ್ಟೆ ದಾಣಾಬಂದರಿನಲ್ಲಿ "ಲೆಮನ್" ಅಂದರೆ ಬರ್ಮಾದ್ದು, "ಗಜರಿ" ಅಂದರೆ ಆಫ್ರಿಕಾದ್ದು. ಬೇಯಿಸಿ ಹುಳಿ ಹಾಕಿದ ಮೇಲೆ ಎಲ್ಲ ಒಂದೇ ಬಣ್ಣ. ಕಲಬುರಗಿ ಬೇಳೆ ಬೇಯುವುದೂ ಬೇಗ, ರುಚಿಯೂ ಬೇರೆ, ಅದು ನನ್ನ ಅಡುಗೆ ಭಟ್ಟರೂ ಹೇಳ್ತಾರೆ. ಆದರೆ ರೇಟ್ ನೋಡಿ ಲೆಮನ್ ತರ್ತೇನೆ.

ಆದರೂ ಒಂದು ಮಾತು. ಬೇಳೆ 200 ಆದಾಗ ನಿಮ್ಮ ಗ್ಯಾಂಗಿನವರೂ ಪುಣೆಯಲ್ಲಿ ಅದೇ ಬೇಳೆ ತಾನೇ ಕೊಳ್ಳುವುದು?

ಆಳಂದ ಆರೆಕರೆ
ಅಕ್ಟೋಬರ್ 7, ಸಂಜೆ 4.20

ಊರಿಂದ ತರ್ತೀವಿ ಅಣ್ಣಾರ. ಬರೂ ಮುಂದ ಎಲ್ಲಾರ ಬಗಲಾಗೂ ಬ್ಯಾಳಿ ಚೀಲ, ಜ್ವಾಳದ ಹಿಟ್ಟು ಇರ್ತದ. ಆದ್ರ ಹೊಲ ಇಲ್ಲದವರೂ ಗ್ಯಾಂಗಿನಾಗ ಅದಾರ. ಅವರಿಗೆ ನಿಮ್ಮ ಮಾತೇ ಖರೇ.

ಮಾಟುಂಗಾ ಮೇಷ್ಟ್ರು
ಅಕ್ಟೋಬರ್ 7, ರಾತ್ರಿ 9.00

ಇಬ್ಬರೂ ಸರಿಯಾಗಿಯೇ ಜಗಳವಾಡುತ್ತಿದ್ದೀರಿ. ಕಾಲೇಜಿನಲ್ಲಿ ನಾನು ಬೋರ್ಡಿನ ಮೇಲೆ ಗೆರೆ ಎಳೆದು ಹೇಳುತ್ತಿದ್ದದ್ದನ್ನು ಆಳಂದದವರು ಒಂದು ಗುಕ್ಕಿನಲ್ಲಿ ಹೇಳಿಬಿಟ್ಟರು.

ಸುಂಕದ ಗುಣವೇ ಹಾಗೆ. ಭಾರ ಕೋಟಿ ಜನರ ಮೇಲೆ ಚೂರುಚೂರಾಗಿ ಬೀಳುತ್ತದೆ, ಯಾರೂ ಮೋರ್ಚಾ ತೆಗೆಯುವುದಿಲ್ಲ. ಲಾಭ ಕೆಲವೇ ಗೇಟುಗಳ ಒಳಗೆ ಸೇರುತ್ತದೆ, ಅಲ್ಲಿ ಬೋರ್ಡು, ಹಾರ, ಫೋಟೋ ಎಲ್ಲ ಇರುತ್ತದೆ. ಅಮೆರಿಕದವರು 2018ರ ಜನವರಿಯಲ್ಲಿ ಹೊರಗಿನ ವಾಷಿಂಗ್ ಮಷಿನ್ನಿಗೆ ಸುಂಕ ಹಾಕಿದರು. ಅಲ್ಲಿನ ಫೆಡರಲ್ ರಿಸರ್ವ್ ಮತ್ತು ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ಹಾಕಿದಾಗ ಮಷಿನ್ನಿನ ಬೆಲೆ ಸುಮಾರು ಶೇ. 12 ಏರಿತ್ತು. ಮಜಾ ಎಂದರೆ ಬಟ್ಟೆ ಒಣಗಿಸುವ ಡ್ರೈಯರಿಗೆ ಸುಂಕವೇ ಇರಲಿಲ್ಲ, ಅದರ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಏರಿತು. ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ, ಅಂಗಡಿಯವನು ಭಾರವನ್ನು ಎರಡರ ಮೇಲೂ ಹಂಚಿದ. ಅಲ್ಲಿನ ಕಂಪನಿಗಳೂ ಸಿಕ್ಕಿದ್ದೇ ಸಂದರ್ಭವೆಂದು ತಮ್ಮ ಬೆಲೆ ಏರಿಸಿದವು. ಹೊಸದಾಗಿ ಹುಟ್ಟಿದ ಕೆಲಸ 1,800ರಷ್ಟು. ಗ್ರಾಹಕರು ಹೆಚ್ಚಾಗಿ ತೆತ್ತ ಹಣವನ್ನು ಆ ಕೆಲಸಗಳಿಂದ ಭಾಗಿಸಿದರೆ ಒಂದೊಂದು ಕೆಲಸಕ್ಕೆ ವರ್ಷಕ್ಕೆ 8 ಲಕ್ಷ ಡಾಲರಿಗೂ ಹೆಚ್ಚು. ಅಷ್ಟು ದುಡ್ಡಿನಲ್ಲಿ ಆ ಕೆಲಸಗಾರನಿಗೆ ಸಂಬಳ ಕೊಟ್ಟು ಮನೆಯಲ್ಲೇ ಕೂರಿಸಿ, ಉಳಿದದ್ದರಲ್ಲಿ ಅವನ ಬೀದಿಯನ್ನೂ ಸಾಕಬಹುದಿತ್ತು.

ನಾನು ಸುಂಕದ ವಿರೋಧಿಯೇ. ನಮ್ಮ ಕಾಲವನ್ನು ಕಂಡವನು. 1991ಕ್ಕೆ ಮುಂಚೆ ಕೆಲವು ಸರಕಿಗೆ ಸುಂಕ ಶೇ. 300 ದಾಟಿತ್ತು. ಆಗ ಮುಂಬಯಿಯಲ್ಲಿ ಒಳ್ಳೇ ಟ್ರಾನ್ಸಿಸ್ಟರ್ ಬೇಕೆಂದರೆ ಕಳ್ಳಸಾಗಣೆ ಮಾಲು ಸಿಗುತ್ತಿದ್ದ ಮನೀಶ್ ಮಾರ್ಕೆಟಿಗೆ ಹೋಗಿ ಕಿವಿಯಲ್ಲಿ ಕೇಳಬೇಕಿತ್ತು.

ಚಾಕಣ್ ಸೆಕೆಂಡ್ ಶಿಫ್ಟ್
ಅಕ್ಟೋಬರ್ 8, ರಾತ್ರಿ 1.10

ಮೇಷ್ಟ್ರೆ, ನಮಸ್ಕಾರ. ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ಓದಿದೆ. ಸುಂಕ ಇಲ್ಲದಿದ್ದರೆ ಈ ಬಸ್ಸೇ ಇರುತ್ತಿರಲಿಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

ತಯಾರಾದ ಕಾರು ಹೊರದೇಶದಿಂದ ಬಂದರೆ ಸುಂಕ ಬಂಡೆಯಂತೆ ಬೀಳುತ್ತದೆ. ಅದೇ ಕಾರು ಬಿಡಿಭಾಗವಾಗಿ ಪೆಟ್ಟಿಗೆಯಲ್ಲಿ ಬಂದು ಇಲ್ಲಿ ಜೋಡಣೆಯಾದರೆ ಸುಂಕ ಬಹಳ ಕಡಿಮೆ. ವಿದೇಶಿ ಕಂಪನಿಗಳು ಚಾಕಣಿಗೆ ಬಂದದ್ದು ಇಲ್ಲಿನ ಹವೆ ತಂಪು ಅಂತ ಅಲ್ಲ, ಈ ಎರಡು ರೇಟುಗಳ ನಡುವಿನ ಅಂತರ ನೋಡಿ. ಪೆಟ್ಟಿಗೆ ಬಿಚ್ಚಿ ಜೋಡಿಸುವುದರಲ್ಲಿ ಶುರುವಾದದ್ದು, ಆಮೇಲೆ ಸೀಟು ಇಲ್ಲೇ, ವೈರಿಂಗ್ ಇಲ್ಲೇ, ಗಾಜು ಇಲ್ಲೇ ಅಂತ ಆಯಿತು. ನನ್ನಂಥ ಡಿಪ್ಲೊಮಾ ಹುಡುಗ ಭಾಲ್ಕಿಯಿಂದ ಬಂದು ಪಿಎಫ್ ಇರುವ ಕೆಲಸ ಹಿಡಿದದ್ದು ಹಾಗೆ. ವಾಷಿಂಗ್ ಮಷಿನ್ ಲೆಕ್ಕದಲ್ಲಿ ಈ ಇಪ್ಪತ್ತು ವರ್ಷದ ಬೆಳವಣಿಗೆ ಸಿಗುವುದಿಲ್ಲ.

ಆದರೆ ಅಪ್ಪನ ವಿಷಯಕ್ಕೆ ಬಂದರೆ ನನ್ನ ವಾದವೇ ನನಗೆ ತಿರುಗುಬಾಣ. ಅವರು ಬೆಳೆಯುವುದು ಸೋಯಾ. ಹೋದ ವರ್ಷ ಎಣ್ಣೆ ಸುಂಕ ಏರಿಸಿದ್ದು ಸೋಯಾ ರೈತರಿಗಾಗಿ ಅಂದರು. ಮಹಾರಾಷ್ಟ್ರದ ಚುನಾವಣೆಯೂ ಹತ್ತಿರ ಇತ್ತು ಬಿಡಿ. ಬೆಂಬಲ ಬೆಲೆ 4,892. ಇಡ್ಲಿಯಣ್ಣನ ಟಿನ್ ಏರಿತು, ಅಪ್ಪನ ಸೋಯಾ ಮಾತ್ರ ಆ ಬೆಲೆ ಮುಟ್ಟಲೇ ಇಲ್ಲ. ಯಾಕೆಂದು ಅಡತಿಯವನನ್ನೇ ಕೇಳಿದೆ. ಒಂದು ಕ್ವಿಂಟಲ್ ಸೋಯಾ ಅರೆದರೆ ಎಣ್ಣೆ ಹದಿನೆಂಟು ಕಿಲೋ ಸುತ್ತಮುತ್ತ, ಉಳಿದದ್ದೆಲ್ಲ ಹಿಂಡಿ. ಎಥೆನಾಲ್ ಕಾರ್ಖಾನೆಗಳಿಂದ ಮೆಕ್ಕೆಜೋಳ, ಅಕ್ಕಿಯ ಉಳಿಕೆ ಅಗ್ಗಕ್ಕೆ ಸಿಗತೊಡಗಿದ ಮೇಲೆ ಕೋಳಿ ಫಾರಮ್ಮಿನವರು ಸೋಯಾ ಹಿಂಡಿ ಕೇಳುವುದು ಕಡಿಮೆಯಾಗಿದೆ. ಎಣ್ಣೆಯಲ್ಲಿ ಬಂದದ್ದು ಹಿಂಡಿಯಲ್ಲಿ ಹೋಯಿತು.

ಭೋಸರಿ ಪ್ರೆಸ್‌ಶಾಪ್
ಅಕ್ಟೋಬರ್ 8, ಬೆಳಿಗ್ಗೆ 10.30

ಚಾಕಣ್ ತಮ್ಮಾ, ನಿಮ್ಮ ಕಾರಿನ ಕೆಳಗಿನ ಬ್ರಾಕೆಟ್ ಒತ್ತುವವನು ನಾನು. ನೇರವಾಗಿ ಅಲ್ಲ, ಮೂರನೇ ಸಾಲಿನಲ್ಲಿ. ನನ್ನಿಂದ ಕೊಂಡವನಿಂದ ಕೊಂಡವನು ನಿಮಗೆ ಕೊಡುತ್ತಾನೆ.

ಏಪ್ರಿಲ್ 21ಕ್ಕೆ ಉಕ್ಕಿನ ತಗಡಿಗೆ ಶೇ. 12 ಸೇಫ್‌ಗಾರ್ಡ್ ಸುಂಕ ಹಾಕಿದರು, 200 ದಿನಕ್ಕೆ. ಚೀನಾ ಮಾಲು ಸುರಿಯುತ್ತಿದೆ ಅಂತ. ನಾನು ಒಂದು ಕಿಲೋ ಚೀನಾ ತಗಡನ್ನೂ ಕೊಂಡವನಲ್ಲ. ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಿಂದ ನಮ್ಮ ದೇಶದ ಮಾಲೇ ತರುವುದು. ಆದರೂ ಸುಂಕ ಬರುತ್ತದೆ ಅನ್ನುವ ಸುದ್ದಿಗೇ ರೇಟ್ ಎದ್ದಿತು. ಆಮದು ಮಾಲು ಬಂದರಿನಲ್ಲಿ ಎಷ್ಟಕ್ಕೆ ಇಳಿಯುತ್ತದೋ ಅದಕ್ಕೆ ಸ್ವಲ್ಪ ಕೆಳಗೆ ನಮ್ಮ ಮಿಲ್ಲುಗಳು ತಮ್ಮ ಬೆಲೆ ಕಟ್ಟುತ್ತವೆ. ಅಲ್ಲಿ ಗೋಡೆ ಒಂದು ಅಡಿ ಎತ್ತರವಾದರೆ ಇಲ್ಲಿ ಬೆಲೆಯೂ ಒಂದು ಅಡಿ. ಹೆಚ್ಚಾದ ಆ ಹಣ ಸರ್ಕಾರಕ್ಕೂ ಹೋಗುವುದಿಲ್ಲ, ಮಿಲ್ಲಿಗೆ ಹೋಗುತ್ತದೆ. ಮಳೆಗಾಲದಲ್ಲಿ ಬೇಡಿಕೆ ಬಿದ್ದು ರೇಟ್ ಇಳಿಯಿತು, ಅದೂ ಹೇಳಬೇಕು.

ನನ್ನ ಕಷ್ಟ ಏನೆಂದರೆ ಮೇಲಿನವರ ಜೊತೆ ರೇಟ್ ಮೂರು ತಿಂಗಳಿಗೊಮ್ಮೆ. ತಗಡಿನ ರೇಟ್ ಮಾತ್ರ ವಾರಕ್ಕೊಮ್ಮೆ. ಆ ನಡುವಿನ ಹೊಂಡಕ್ಕೆ ನನ್ನ ಓವರ್‌ಡ್ರಾಫ್ಟ್ ಬಿತ್ತು. ಹನ್ನೊಂದು ಜನರಲ್ಲಿ ಇಬ್ಬರನ್ನು ಎರಡು ತಿಂಗಳು ಮನೆಗೆ ಕಳಿಸಿದೆ. ಮಿಲ್ಲಿನಲ್ಲಿ ಉಳಿದ ಕೆಲಸ ಪೇಪರಿನಲ್ಲಿ ಬರುತ್ತದೆ. ಭೋಸರಿಯ ಸಣ್ಣ ಶೆಡ್ಡಿನಲ್ಲಿ ಹೋದದ್ದು ಎಲ್ಲಿಯೂ ಬರುವುದಿಲ್ಲ. ಅಮೆರಿಕದಲ್ಲಿ 2018ರ ಉಕ್ಕಿನ ಸುಂಕದಲ್ಲೂ ಹೀಗೇ ಆಯಿತಂತೆ, ಉಕ್ಕು ಬಳಸುವ ಕಾರ್ಖಾನೆಗಳಲ್ಲಿ ಹೋದ ಕೆಲಸ ಉಕ್ಕಿನಲ್ಲಿ ಬಂದದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಮೇಷ್ಟ್ರು ಹೇಳಲಿ.

ಇಷ್ಟು ಬೈದ ಮೇಲೆ ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ನನ್ನ ಭಾವಮೈದುನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಇದ್ದಾನೆ. ಯುಗಾದಿಗೆ ಊಟಕ್ಕೆ ಕೂತಾಗ ಈ ವಿಷಯ ಎತ್ತಬಾರದು ಅಂತ ಹೆಂಡತಿಯ ಕಟ್ಟಪ್ಪಣೆ.

ಮಾಟುಂಗಾ ಮೇಷ್ಟ್ರು
ಅಕ್ಟೋಬರ್ 8, ಸಂಜೆ 6.45

ಹೌದು, ಉಕ್ಕು ತಯಾರಿಸುವವರಿಗಿಂತ ಉಕ್ಕನ್ನು ಕೊಂಡು ಕೆಲಸ ಮಾಡುವವರು ಎಲ್ಲ ದೇಶದಲ್ಲೂ ಹತ್ತಾರು ಪಟ್ಟು ಹೆಚ್ಚು. ಹಾಗಾಗಿ ಕಚ್ಚಾ ಮಾಲಿನ ಮೇಲಿನ ಸುಂಕ ಎಲ್ಲಕ್ಕಿಂತ ಕೆಟ್ಟದ್ದು.

ಚಾಕಣ್ ಹುಡುಗನ ಮಾತನ್ನು ಮಾತ್ರ ತಳ್ಳಿಹಾಕಲಾರೆ. ಎಳೇ ಗಿಡಕ್ಕೆ ಬೇಲಿ ಬೇಕು ಎನ್ನುವುದು ಹಳೆಯ ವಾದ, ಸುಳ್ಳೇನಲ್ಲ. ಗಿಡ ಬೆಳೆದ ಮೇಲೆ ಬೇಲಿ ತೆಗೆಯುವವರು ಯಾರು ಎಂಬುದೇ ತಕರಾರು. ನಮ್ಮ ಎಚ್ಎಂಟಿ ವಾಚನ್ನೇ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಮದುವೆಗೆ ಅದನ್ನೇ ಕೊಡಬೇಕು, ಕಾಯಬೇಕು, ವಶೀಲಿ ಹಚ್ಚಬೇಕು. ಬೇಲಿ ಗಟ್ಟಿಯಾಗಿತ್ತು. ಕೊನೆಗೆ ಅದನ್ನು ಸೋಲಿಸಿದ್ದು ಹೊರಗಿನವರಲ್ಲ, ಅದೇ ಬೇಲಿಯ ಒಳಗೆ ಹೊಸೂರಿನಲ್ಲಿ ಕ್ವಾರ್ಟ್ಜ್ ವಾಚು ಮಾಡಿದ ಟೈಟಾನ್. 2016ರಲ್ಲಿ ಎಚ್ಎಂಟಿ ವಾಚ್ ವಿಭಾಗ ಮುಚ್ಚುವ ತೀರ್ಮಾನವಾಯಿತು. ನನ್ನ ಕೈಯಲ್ಲಿ ಈಗಲೂ ಅದೇ ಇದೆ, ದಿನಕ್ಕೆ ನಾಲ್ಕು ನಿಮಿಷ ಹಿಂದೆ.

ಸೀಪ್ಝ್ ಲೆಕ್ಕ
ಅಕ್ಟೋಬರ್ 9, ರಾತ್ರಿ 10.20

ಎಲ್ಲರೂ ನಮ್ಮ ದೇಶ ಹಾಕುವ ಸುಂಕದ ಬಗ್ಗೆ ಬರೆದಿದ್ದೀರಿ. ನಮ್ಮ ಮೇಲೆ ಬೇರೆಯವರು ಹಾಕಿದರೆ ಹೇಗಿರುತ್ತದೆ ಅಂತ ನಾನು ಬರೆಯುತ್ತೇನೆ. ಅಂಧೇರಿಯ ರಫ್ತು ವಲಯ ಸೀಪ್ಝ್‌ನಲ್ಲಿ ವಜ್ರದ ಆಭರಣ ಮಾಡುವ ಒಂದು ಘಟಕದಲ್ಲಿ ಅಕೌಂಟ್ಸ್ ನೋಡುತ್ತೇನೆ. ಸೀಪ್ಝ್‌ನ ರಫ್ತಿನಲ್ಲಿ ಶೇ. 85ರಷ್ಟು ಅಮೆರಿಕಕ್ಕೇ ಹೋಗುತ್ತದೆ, ಐವತ್ತು ಸಾವಿರ ಕೆಲಸ ಇದರ ಮೇಲೆ ನಿಂತಿದೆ ಎಂದು ರತ್ನಾಭರಣ ರಫ್ತು ಮಂಡಳಿಯವರೇ ಹೇಳಿದ್ದಾರೆ.

ಅಮೆರಿಕ ಹಾಕಿದ್ದು ಆಗಸ್ಟ್ 7ಕ್ಕೆ ಶೇ. 25, ಆಗಸ್ಟ್ 27ಕ್ಕೆ ಭಾರತ ರಷ್ಯಾದ ಕಚ್ಚಾ ತೈಲ ಕೊಳ್ಳುತ್ತದೆ ಎಂಬ ನೆಪದಲ್ಲಿ ಇನ್ನೊಂದು 25. ಅಷ್ಟರೊಳಗೆ ಹಡಗು ಹತ್ತಿದ ಮಾಲಿಗೆ ಸೆಪ್ಟೆಂಬರ್ 17ರವರೆಗೆ ವಿನಾಯಿತಿ ಇತ್ತು. ನಮ್ಮದು ವಿಮಾನದ ಮಾಲು, ಹಾಗಾಗಿ ಆ ಕೊನೆಯ ವಾರ ರಾತ್ರಿ ಎರಡರವರೆಗೆ ಪ್ಯಾಕಿಂಗ್. ಆಮೇಲೆ ಒಮ್ಮೆಲೇ ನಿಶ್ಶಬ್ದ. ಪಾಲಿಶ್ ವಿಭಾಗದಲ್ಲಿ ಮೋಟರ್ ಸದ್ದು ಇಲ್ಲದೆ ಮಧ್ಯಾಹ್ನ ಮೂರಕ್ಕೇ ಚಹಾ ಕುಡಿಯುವುದು ನಾನು ಮೊದಲ ಸಲ ಕಂಡದ್ದು.

ಈ ಸುಂಕವನ್ನು ಭಾರತ ಕಟ್ಟುತ್ತದೆ ಎಂದು ಟಿವಿಯಲ್ಲಿ ಹೇಳುವುದು ತಪ್ಪು. ಅಲ್ಲಿನ ಆಮದುದಾರ ಅಲ್ಲಿನ ಕಸ್ಟಮ್ಸಿಗೆ ಕಟ್ಟುತ್ತಾನೆ. ಆದರೆ ಕಟ್ಟುವವನು ಬೇರೆ, ಹೊರುವವನು ಬೇರೆ. ನಮ್ಮ ಬೈಯರ್ ಫೋನ್ ಮಾಡಿ ಅರ್ಧ ನೀವು ಹೊರಿ ಅಂದ. ನಮ್ಮ ಮಾರ್ಜಿನ್ನೇ ಅಷ್ಟಿಲ್ಲ. ಸ್ವಲ್ಪ ನಾವು ಕಡಿಮೆ ಮಾಡಿದೆವು, ಸ್ವಲ್ಪ ಅವನು ಬೆಲೆ ಏರಿಸಿದ, ಉಳಿದ ಆರ್ಡರನ್ನು ಬೇರೆ ದೇಶಕ್ಕೆ ಕೊಟ್ಟ. ಓವರ್‌ಟೈಮ್ ನಿಂತಿತು. ಯಾರನ್ನೂ ತೆಗೆದಿಲ್ಲ, ಇನ್ನೂ.

ಅದಕ್ಕಿಂತ ವಿಚಿತ್ರ ಇನ್ನೊಂದಿದೆ. ಅಮೆರಿಕದ ಪೆಟ್ಟು ನಮ್ಮ ಗಾರ್ಮೆಂಟಿನವರಿಗೆ ಬಿತ್ತು ಅಂತ ಸರ್ಕಾರ ಆಗಸ್ಟ್ 19ರಿಂದ ಹತ್ತಿಯ ಮೇಲಿನ ಶೇ. 11 ಆಮದು ಸುಂಕ ತೆಗೆದು, ಡಿಸೆಂಬರ್ ಕೊನೆಯವರೆಗೆ ಮುಂದುವರಿಸಿದೆ. ಅಂದರೆ ವಾಷಿಂಗ್ಟನ್ನಿನಲ್ಲಿ ಒಂದು ಸುಂಕ ಏರಿದ್ದಕ್ಕೆ ರಾಯಚೂರಿನ ಹತ್ತಿಯ ರಕ್ಷಣೆ ಹೋಯಿತು. ನಮ್ಮ ಮನೆ ಸಿಂಧನೂರು. ಅಪ್ಪ ಹತ್ತಿ ಬಿಟ್ಟು ಭತ್ತ ಹಿಡಿದು ಬಹಳ ವರ್ಷವಾಯಿತು, ಇಲ್ಲದಿದ್ದರೆ ನಮ್ಮ ಮನೆಗೆ ಎರಡೂ ಕಡೆಯಿಂದ ಏಟು.

ಡೊಂಬಿವಲಿ ಇಡ್ಲಿ
ಅಕ್ಟೋಬರ್ 9, ರಾತ್ರಿ 11.50

ಅಕ್ಕಾ, ಚಿನ್ನದ ಸುಂಕ ಇಳಿಸಿದರಲ್ಲ, ಅದರಿಂದ ಏನಾದರೂ ಆಯಿತಾ? ಮಗಳಿಗೆ ಮಾಡಿಸುವುದುಂಟು.

ಸೀಪ್ಝ್ ಲೆಕ್ಕ
ಅಕ್ಟೋಬರ್ 10, ಬೆಳಿಗ್ಗೆ 8.00

2024ರ ಜುಲೈ 23ರ ಬಜೆಟಿನಲ್ಲಿ ಶೇ. 15ರಿಂದ 6ಕ್ಕೆ ಇಳಿಸಿದರು. ಒಂದೆರಡು ದಿನದಲ್ಲೇ ಹತ್ತು ಗ್ರಾಮಿಗೆ ಮೂರು ಸಾವಿರಕ್ಕೂ ಹೆಚ್ಚು ಇಳಿಯಿತು. ಕಳ್ಳಸಾಗಣೆಯವರಿಗೆ ಸಿಗುತ್ತಿದ್ದ ಗಿಂಬಳ ಕರಗಿತು. ಆಮೇಲೆ ಲೋಕದ ಬೆಲೆ ಏರಿ ಈಗ 1.2 ಲಕ್ಷದ ಮೇಲೆ ಕೂತಿದೆ. ಅಣ್ಣಾ, ಸುಂಕ ಪೂರ್ತಿ ತೆಗೆದರೂ ನಿಮಗೆ ಉಳಿಯುವುದು ನೂರಕ್ಕೆ ಐದಾರು ರೂಪಾಯಿ. ಕಾಯಬೇಡಿ, ಮಾಡಿಸಿ.

ವಾಸ್ಕೋ ಕಾರವಾರಿ
ಅಕ್ಟೋಬರ್ 11, ಮಧ್ಯಾಹ್ನ 3.15

ಗೋವಾದಿಂದ ಒಂದು ಸಣ್ಣ ಕಥೆ. ಇಲ್ಲಿ ಗೇರು ಬೀಜದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದೆ. ಸಿಪ್ಪೆ ಬಿಡಿಸುವ ಹೆಂಗಸರಲ್ಲಿ ಅರ್ಧ ನಮ್ಮ ಕಡೆಯವರು, ಅಂಕೋಲಾ, ಕಾರವಾರ.

ಗೋವಾದ ಬೀಜ ಮೂರ್ನಾಲ್ಕು ತಿಂಗಳಿಗೂ ಸಾಲುವುದಿಲ್ಲ. ಉಳಿದ ತಿಂಗಳು ಆಫ್ರಿಕಾದ ಹಸಿ ಬೀಜ ಬಂದರೇ ಕೆಲಸ. ಅದಕ್ಕೆ 2016ರಲ್ಲಿ ಶೇ. 5 ಸುಂಕ ಹಾಕಿದ್ದರು, 2018ರಲ್ಲಿ 2.5 ಮಾಡಿದರು. ಬೆಳೆಗಾರರು ಹೆಚ್ಚು ಮಾಡಿ ಅನ್ನುತ್ತಾರೆ, ಫ್ಯಾಕ್ಟರಿಯವರು ಸೊನ್ನೆ ಮಾಡಿ ಅನ್ನುತ್ತಾರೆ. ಬಿಡಿಸಿದ ತಿರುಳಿಗೆ ಮಾತ್ರ 2019ರಲ್ಲಿ ಸುಂಕ 45ರಿಂದ 70ಕ್ಕೆ ಹೋಯಿತು. ಜೊತೆಗೆ ಇಡೀ ತಿರುಳು ಕಿಲೋಗೆ 720, ಮುರುಕು 680 ರೂಪಾಯಿಗಿಂತ ಕಡಿಮೆಗೆ ತರುವಂತಿಲ್ಲ ಅಂತ ಕಟ್ಟು. ಫ್ಯಾಕ್ಟರಿಯ ಮಟ್ಟಿಗೆ ಅದು ಉಪಯೋಗವಾಯಿತು, ಸುಳ್ಳು ಹೇಳಬಾರದು.

ಆದರೆ ಆಚೆ ಕಡೆಯವರೂ ಅದೇ ಪಾಠ ಕಲಿತಿದ್ದಾರೆ. ಬೆನಿನ್ ದೇಶದವರು 2024ರ ಏಪ್ರಿಲಿನಿಂದ ಹಸಿ ಬೀಜ ಹೊರಗೆ ಕಳಿಸುವುದನ್ನೇ ನಿಲ್ಲಿಸಿದರು, ನಮ್ಮ ಹೆಂಗಸರೇ ಸಿಪ್ಪೆ ಬಿಡಿಸಲಿ ಅಂತ. ಅವರನ್ನು ಬೈಯುವುದು ಹೇಗೆ? ನಾವು ಮಾಡಿದ್ದನ್ನೇ ಮಾಡಿದ್ದಾರೆ. ಮತ್ತೆ ಫ್ಯಾಕ್ಟರಿಗೆ ಮಷಿನ್ ಬಂತು. ಅರವತ್ತು ಜನರ ಜಾಗದಲ್ಲಿ ಹದಿನಾಲ್ಕು. ಅದಕ್ಕೆ ಯಾವ ಸುಂಕ ಹಾಕುವುದು ಅಂತ ನನಗೆ ತಿಳಿಯಲಿಲ್ಲ, ನಾನೂ ಕೆಲಸ ಬಿಟ್ಟು ಟ್ಯಾಕ್ಸಿ ತಗೊಂಡೆ.

ನ್ಹಾವಾ ಶೇವಾ ಹಳಬ
ಅಕ್ಟೋಬರ್ 12, ಬೆಳಿಗ್ಗೆ 6.30

ಗೇರು ಬೀಜದ ಮಾತಿನಿಂದ ಎಣ್ಣೆಗೆ ಬರುತ್ತೇನೆ, ಎರಡೂ ಒಂದೇ ಕೀಲಿ. ಮೇ ತಿಂಗಳಲ್ಲಿ ಕಚ್ಚಾ ಎಣ್ಣೆಯದು 16.5ಕ್ಕೆ ಇಳಿಸಿ ಶುದ್ಧ ಎಣ್ಣೆಯದನ್ನು 35.75ರಲ್ಲೇ ಬಿಟ್ಟರೆಂದೆನಲ್ಲ, ಆ ಅಂತರ ಮೊದಲು 8.25 ಇತ್ತು, ಈಗ 19.25. ಅಂತರ ಕಡಿಮೆ ಇದ್ದಾಗ ಶುದ್ಧ ತಾಳೆ ಎಣ್ಣೆಯೇ ಹಡಗಿನಲ್ಲಿ ಬರುತ್ತಿತ್ತು, ಇಲ್ಲಿನ ರಿಫೈನರಿಗಳು ಅರ್ಧ ಹೊತ್ತು ಸುಮ್ಮನೆ ಇರುತ್ತಿದ್ದವು. ಈಗ ಕಚ್ಚಾ ತಂದು ಬೈಕಂಪಾಡಿಯಲ್ಲೋ ಉರಣದ ಕಡೆಯೋ ಶುದ್ಧ ಮಾಡುವುದೇ ಲಾಭ. ಕೆಲಸ ಹುಟ್ಟಿಸಬೇಕೆಂದಿದ್ದರೆ ಸುಂಕ ಎಷ್ಟು ಎನ್ನುವುದಕ್ಕಿಂತ ಎರಡು ಸುಂಕಗಳ ನಡುವೆ ಎಷ್ಟು ಎನ್ನುವುದನ್ನು ನೋಡಬೇಕು. ಚಾಕಣ್ ಹುಡುಗನ ಕಾರೂ ಇದೇ ಕೀಲಿಯಲ್ಲಿ ಓಡುತ್ತಿದೆ.

ನನಗೆ ಸಿಟ್ಟು ಬರುವುದು ದರಕ್ಕಲ್ಲ, ಅದರ ಗಳಿಗೆಗೆ. ಕಸ್ಟಮ್ಸ್ ಕಾಯ್ದೆಯ 15ನೇ ಕಲಮಿನ ಪ್ರಕಾರ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಮಾಲಿನ ಘೋಷಣಾ ಪತ್ರ, ಹಾಕಿದ ದಿನದ ದರ ಲಾಗು. ಹಡಗು ಬರುವ ಮೊದಲೇ ಹಾಕಿದ್ದರೆ ಹಡಗಿನ ಪ್ರವೇಶದ ದಿನದ್ದು. ರಾತ್ರಿ ನೋಟಿಫಿಕೇಶನ್ ಬಂದರೆ ಬೆಳಿಗ್ಗೆ ಅದೇ ಹಡಗಿನ ಮಾಲಿಗೆ ಬೇರೆ ಲೆಕ್ಕ. ಒಂದು ಸಲ ನಮ್ಮ ಪಾರ್ಟಿಯೊಬ್ಬನ ಬಟಾಣಿ ಹಡಗು ಹೊರಗೆ ಲಂಗರು ಹಾಕಿ ನಿಂತಿದ್ದಾಗಲೇ ಸುಂಕ ಬದಲಾಯಿತು. ಆ ಮನುಷ್ಯ ನಮ್ಮ ಕಚೇರಿಯ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕಾಲು ಮಡಿಸಿ ಕೂತದ್ದು ಇನ್ನೂ ಕಣ್ಣ ಮುಂದಿದೆ. ರೈತನಿಗೂ ಹಾಗೇ. ಜೂನಿನಲ್ಲಿ ಬಿತ್ತುವಾಗ ಜನವರಿಯ ಸುಂಕ ಎಷ್ಟೆಂದು ಯಾರೂ ಹೇಳುವುದಿಲ್ಲ.

ಆಳಂದ ಆರೆಕರೆ
ಅಕ್ಟೋಬರ್ 12, ಬೆಳಿಗ್ಗೆ 9.10

ಹಳಬರು ಬರದದ್ದು ನೂರಕ್ಕ ನೂರು. ನನಗ ಶೇ. 50 ಸುಂಕ ಬ್ಯಾಡ. ಬಿತ್ತೂ ಮುಂದ ಹೇಳ್ರಿ, ರಾಶಿ ಆಗೂ ತನಕ ಬದಲಾಸಬ್ಯಾಡ್ರಿ. ಹತ್ತೇ ಇರಲಿ, ಹತ್ತೇ ಅಂತ ಗೊತ್ತಿರಲಿ.

ಭೋಸರಿ ಪ್ರೆಸ್‌ಶಾಪ್
ಅಕ್ಟೋಬರ್ 12, ಬೆಳಿಗ್ಗೆ 9.40

ನನ್ನದೂ ಅದೇ. ಏರಿಸುವುದಾದರೆ ಏರಿಸಲಿ, ಮೂರು ತಿಂಗಳು ಮೊದಲು ಹೇಳಲಿ. ನಾನು ಮೇಲಿನವರ ಹತ್ತಿರ ರೇಟ್ ಮಾತಾಡಿಕೊಳ್ಳುತ್ತೇನೆ.

ಮಾಟುಂಗಾ ಮೇಷ್ಟ್ರು
ಅಕ್ಟೋಬರ್ 12, ರಾತ್ರಿ 8.30

ಮೂರು ತಿಂಗಳು ಮೊದಲೇ ಹೇಳಿದರೆ ವ್ಯಾಪಾರಿಗಳು ಅಷ್ಟರಲ್ಲಿ ಹಡಗಿನ ಮೇಲೆ ಹಡಗು ತರಿಸಿ ತುಂಬಿಸಿಡುತ್ತಾರೆ. ರಾತ್ರೋರಾತ್ರಿ ಹೊರಡಿಸುವುದು ಅದಕ್ಕಾಗಿಯೇ. ಸರ್ಕಾರವನ್ನು ಸಮರ್ಥಿಸುವ ಪಾಳಿ ನನಗೆ ಬಂತಲ್ಲ, ಇರಲಿ.

ಆಳಂದ ಆರೆಕರೆ
ನವೆಂಬರ್ 3, ಬೆಳಿಗ್ಗೆ 7.50

ಹಳೇ ಚರ್ಚಾ ಮತ್ತ ಎತ್ತಲಿಕ್ಕತ್ತೀನಿ, ಬೈಬ್ಯಾಡ್ರಿ. ಹಳದಿ ಬಟಾಣಿಗಿ ನವೆಂಬರ್ 1ರಿಂದ ಶೇ. 30 ಸುಂಕ ಹಾಕ್ಯಾರ. 2017ರಿಂದ ಶೇ. 50 ಇತ್ತು, 2023ರ ಡಿಸೆಂಬರಿನಾಗ ತೆಗೆದು ಸೊನ್ನಿ ಮಾಡಿದ್ರು. ಹೋದ ಆರ್ಥಿಕ ವರ್ಷ ಒಟ್ಟು ಬ್ಯಾಳಿಕಾಳು ಆಮದು 73 ಲಕ್ಷ ಟನ್, ದಾಖಲೆ. ಅದರಾಗ ದೊಡ್ಡ ಪಾಲು ಈ ಬಟಾಣಿದು. ತೊಗರಿ ಮಾತ್ರ ಇನ್ನೂ ಮಾರ್ಚ್ ತನಕ ಸೊನ್ನೀನೇ. ಆದ್ರೂ ಬಟಾಣಿ ತುಟ್ಟಿ ಆದ್ರ ಕಡ್ಲಿ ಏಳ್ತದ, ಕಡ್ಲಿ ಎದ್ರ ತೊಗರಿಗೂ ಜೀವ ಬರ್ತದ ಅಂತ ಅಡತಿಯವರು ಹೇಳ್ಲಿಕ್ಕತ್ತಾರ.

ಡೊಂಬಿವಲಿ ಇಡ್ಲಿ
ನವೆಂಬರ್ 3, ಸಂಜೆ 4.30

ಅಯ್ಯೋ ಮಾರಾಯ್ರೆ, ನಮ್ಮ ಭಜಿಯ ಹಿಟ್ಟಿನಲ್ಲಿ ಏನೇನು ಉಂಟು ಅಂತ ನಿಮಗೆ ಹೇಳಿರಲಿಲ್ಲ. ಬರೀ ಕಡಲೆ ಹಿಟ್ಟು ಅಂದುಕೊಳ್ಳಬೇಡಿ, ಅಗ್ಗದ ಹಿಟ್ಟಿಗೆಲ್ಲ ಬಟಾಣಿ ಸೇರಿರ್ತದೆ. ಬಟಾಣಿಯ ರಗಡಾಕ್ಕೂ ಇನ್ನು ಲೆಕ್ಕ ಬದಲಾಯಿಸಬೇಕು.

ಇರಲಿ. ನೀವು ರಾಶಿ ಮಾಡಿದ ಮೇಲೆ ನನಗೆ ಎರಡು ಕ್ವಿಂಟಲ್ ನೇರ ಕಳಿಸ್ತೀರಾ? ಆ ಅಡತಿಯವನು, ಈ ದಾಣಾಬಂದರಿನವನು ಇಬ್ಬರೂ ಬೇಡ. ಹೋಟೆಲಿನ ಬೋರ್ಡಿನಲ್ಲಿ "ಕಲಬುರಗಿ ತೊಗರಿ ಸಾಂಬಾರ್" ಅಂತ ಬರೆಸ್ತೇನೆ. ಅದಕ್ಕೆ ಆ ಊರಿನದ್ದೇ ಅನ್ನುವ ಜಿಐ ಗುರುತೂ ಸಿಕ್ಕಿದೆಯಲ್ಲ, 2019ರಲ್ಲಿ.

ಆಳಂದ ಆರೆಕರೆ
ನವೆಂಬರ್ 3, ರಾತ್ರಿ 9.15

ಕೊಳೀದ ಉಳದದ್ದರಾಗ ಬಂದ್ರ ಕಳಸ್ತೀನಿ. ರಾಶಿ ಆಗೂದು ಡಿಸೆಂಬರ್ ಕೊನಿ. ತೊಗರಿ ಬೇಕೋ ಬ್ಯಾಳಿ ಬೇಕೋ ಹೇಳ್ರಿ. ಒಂದು ಕ್ವಿಂಟಲ್ ತೊಗರಿ ದಾಲ್ ಮಿಲ್ಲಿಗಿ ಹಾಕಿದ್ರ ಕೈಗಿ ಬರೂದು ಎಪ್ಪತ್ತು ಕಿಲೋ ಬ್ಯಾಳಿ. ಮಿಲ್ಲಿನ ಕೂಲಿ ಬ್ಯಾರೆ. 8,000ದ ಲೆಕ್ಕ ಹಚ್ಚತೀನಿ, ಅದಕ್ಕ ಒಂದು ರೂಪಾಯಿ ಕಡಿಮಿ ಇಲ್ಲ.

ಡೊಂಬಿವಲಿ ಇಡ್ಲಿ
ನವೆಂಬರ್ 3, ರಾತ್ರಿ 11.35

ಬೇಳೆಯೇ ಕಳಿಸಿ. 8,000ಕ್ಕೆ ಒಪ್ಪಿಗೆ. ಆದರೆ ಲಾರಿ ಬಾಡಿಗೆ ಯಾರದ್ದು?